ಟುರಾ ಸಟಾನಾ, ಪ್ಯಾಮ್ ಗ್ರಿಯರ್, ಮೇಕೋ ಕಾಜಿ, ಸಿಲ್ಕ್ ಸ್ಮಿತಾ: ಯಾರಿಂದ ಶುರು ಮಾಡಬೇಕು?

ಕುರೊಸಾವಾ ಆಯಿತು, ಸತ್ಯಜಿತ್ ರಾಯ್ ಆಯಿತು, ಪುಟ್ಟಣ್ಣ ಮತ್ತು ಕಾಸರವಳ್ಳಿಯವರ ಚಿತ್ರಗಳನ್ನು ಎರಡೆರಡು ಸುತ್ತು ನೋಡಿದ್ದಾಯಿತು. ಈಗ ಬೆಂಗಳೂರಿನ ಸಿನಿಮಾ ಹುಚ್ಚಿನ ಗೆಳೆಯ ಗೆಳತಿಯರು ಸ್ವಲ್ಪ ಹಿಂಜರಿಯುತ್ತಲೇ ಇನ್ನೊಂದು ಪ್ರಶ್ನೆ ಕೇಳುತ್ತಿದ್ದಾರೆ. ಆ ಹಳೇ ಕಾಲದ ಸೆಕ್ಸ್‌ಪ್ಲಾಯಿಟೇಶನ್ ಚಿತ್ರಗಳಲ್ಲಿ ನಿಜಕ್ಕೂ ನೋಡುವಂಥದ್ದು ಏನಾದರೂ ಇದೆಯೇ? ಇದ್ದರೆ ಯಾವುದನ್ನು ಮೊದಲು ನೋಡಬೇಕು? ಒಬ್ಬರು ಹಾಲಿವುಡ್ ನಿರ್ದೇಶಕ ಟರಂಟಿನೊ ಚಿತ್ರದಲ್ಲಿ ಕೇಳಿದ ಹಾಡಿನ ಜಾಡು ಹಿಡಿದು ಜಪಾನಿನ ಕಡೆ ಹೊರಟಿರುತ್ತಾರೆ. ಇನ್ನೊಬ್ಬರು ಸಿಲ್ಕ್ ಸ್ಮಿತಾ ಬಗ್ಗೆ ಓದಿ ಮಲಯಾಳಂ ಕಡೆ ತಿರುಗಿರುತ್ತಾರೆ. ಮತ್ತೊಬ್ಬರಿಗೆ ಕಪ್ಪು ಉಡುಪಿನಲ್ಲಿ ಮರುಭೂಮಿಯಲ್ಲಿ ನಿಂತ ಟುರಾ ಸಟಾನಾಳ ಪೋಸ್ಟರ್ ಎಲ್ಲೋ ಕಣ್ಣಿಗೆ ಬಿದ್ದಿರುತ್ತದೆ. ಎಲ್ಲವನ್ನೂ ನೋಡಲು ಯಾರಿಗೂ ಪುರಸೊತ್ತಿಲ್ಲ, ನೋಡುವ ಅಗತ್ಯವೂ ಇಲ್ಲ. ಈ ಬಗೆಯ ಚಿತ್ರಗಳಲ್ಲಿ ಹೆಚ್ಚಿನವು ಬೇಸರ ಹುಟ್ಟಿಸುವಂಥವೇ. ಹಾಗಾಗಿ ಆರಿಸಿಕೊಳ್ಳುವುದು ಇಲ್ಲಿ ಬೇರೆಲ್ಲ ಕಡೆಗಿಂತ ಮುಖ್ಯ.

ಮೊದಲು ಒಂದು ಗೊಂದಲ ಬಗೆಹರಿಯಬೇಕು. ಇವು ನೀಲಿಚಿತ್ರಗಳಲ್ಲ. ದೇಹ ತೋರಿಸುತ್ತೇವೆಂದು ಪೋಸ್ಟರಿನಲ್ಲಿ ಆಸೆ ಹುಟ್ಟಿಸಿ ಟಿಕೆಟ್ ಮಾರುತ್ತಿದ್ದ, ದೊಡ್ಡ ಸ್ಟುಡಿಯೋಗಳ ಹೊರಗೆ ಸಣ್ಣ ದುಡ್ಡಿನಲ್ಲಿ, ವಾರ ಎರಡು ವಾರದಲ್ಲಿ ಮುಗಿಸುತ್ತಿದ್ದ ಕಥಾಚಿತ್ರಗಳು. ಬೆತ್ತಲೆತನವೊಂದೇ ಅಶ್ಲೀಲವಾಗಲಾರದು ಎಂದು ನ್ಯೂಯಾರ್ಕಿನ ಉನ್ನತ ನ್ಯಾಯಾಲಯ 1957ರಲ್ಲಿ ಹೇಳಿದ ಮೇಲೆ ಅಮೆರಿಕದಲ್ಲಿ ಈ ಬಾಗಿಲು ತೆರೆಯಿತು. ಎಪ್ಪತ್ತರ ದಶಕದಲ್ಲಿ ಎಲ್ಲವನ್ನೂ ತೋರಿಸುವ ಚಿತ್ರಗಳೇ ಟಾಕೀಸಿಗೆ ಬಂದಾಗ, ತೋರಿಸಿಯೂ ತೋರಿಸದ ಈ ಆಟಕ್ಕೆ ಗಿರಾಕಿ ಕಡಿಮೆಯಾದರು. ಈ ನಡುವಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ, ಬೇರೆ ಬೇರೆ ದೇಶಗಳಲ್ಲಿ, ಕೆಲವು ಹೆಂಗಸರು ಈ ಅಗ್ಗದ ಚೌಕಟ್ಟಿನೊಳಗೆ ನಿಂತು ಅದಕ್ಕಿಂತ ದೊಡ್ಡವರಾದರು. ಚಿತ್ರಗಳನ್ನು ಮರೆತರೂ ಇವರನ್ನು ಜನ ಮರೆತಿಲ್ಲ. ನನಗೆ ಈ ಸಿನಿಮಾಗಳ ಸೆಳೆತವೆಂದರೆ ಇದೇ. ಆದ್ದರಿಂದ ನಾನು ನಿರ್ದೇಶಕನ ಹೆಸರು ನೋಡಿ ಚಿತ್ರ ಆರಿಸಿ ಎನ್ನುವುದಿಲ್ಲ, ನಟಿಯನ್ನು ನೋಡಿ ಆರಿಸಿ ಎನ್ನುತ್ತೇನೆ.

ಯಾವುದರಿಂದ ಅಳೆಯುವುದು

ನಾನು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದು: ಆಕೆ ಮೈತುಂಬ ಬಟ್ಟೆ ತೊಟ್ಟು ಸುಮ್ಮನೆ ನಿಂತಿರುವ ದೃಶ್ಯದಲ್ಲೂ ನಮ್ಮ ಕಣ್ಣು ಆಕೆಯ ಮೇಲೇ ಇರುತ್ತದೆಯೇ? ಇರುತ್ತದೆ ಎಂದಾದರೆ ಅಲ್ಲಿ ಒಬ್ಬ ನಟಿ ಇದ್ದಾರೆ. ಇಲ್ಲವಾದರೆ ಆ ಚಿತ್ರಕ್ಕೆ ಮೀಸಲಿಟ್ಟ ಸಂಜೆ ವ್ಯರ್ಥ.

ಎರಡನೆಯದು, ದುಡ್ಡಿಲ್ಲದ್ದು ಆ ಚಿತ್ರಕ್ಕೆ ಏನು ಮಾಡಿತು? ಕೆಲವರ ಕೈಯಲ್ಲಿ ಬಡತನವೇ ಹೊಸ ಶೈಲಿಯಾಯಿತು. ಹೆಚ್ಚಿನವರ ಕೈಯಲ್ಲಿ ಅದು ಬರೀ ಕೆಟ್ಟ ಬೆಳಕು, ಕೆಟ್ಟ ಸದ್ದು ಆಗಿ ಉಳಿಯಿತು.

ಮೂರನೆಯದು ಹಿಂಸೆ. ಈ ಚಿತ್ರಗಳಲ್ಲಿ ಅತ್ಯಾಚಾರವನ್ನು ರಂಜನೆಯಂತೆ ತೋರಿಸಿರುವುದು ಬಹಳ. ಇದನ್ನು ಮುಚ್ಚಿಟ್ಟು ಯಾರಿಗಾದರೂ ಶಿಫಾರಸು ಮಾಡುವುದು ಅನ್ಯಾಯ. ಎಲ್ಲಿ ಎಷ್ಟಿದೆ ಎಂದು ಗೊತ್ತಿದ್ದರೆ ನೋಡುವವರು ತಾವೇ ತೀರ್ಮಾನಿಸಿಕೊಳ್ಳುತ್ತಾರೆ.

ನಾಲ್ಕನೆಯದು ಜೇಬಿನ ವಿಚಾರ. ಬೆಂಗಳೂರಿನಲ್ಲಿ ಕೂತು ಒಳ್ಳೆಯ ಪ್ರತಿ, ಸಬ್‌ಟೈಟಲ್ ಸಮೇತ, ಎಷ್ಟು ಖರ್ಚಿನಲ್ಲಿ ಸಿಗುತ್ತದೆ? ಒಂದು ಕಾಲಕ್ಕೆ ನ್ಯಾಷನಲ್ ಮಾರ್ಕೆಟ್ಟಿನ ಡಿವಿಡಿ ಅಂಗಡಿಗಳಲ್ಲಿ ತಡಕಾಡಿದರೆ ಏನಾದರೊಂದು ಕೈಗೆ ಬರುತ್ತಿತ್ತು. ಈಗ ಆ ದಾರಿ ಇಲ್ಲವಾಗಿದೆ, ಹೊಸ ದಾರಿಗಳಿಗೆ ದುಡ್ಡು ಹೆಚ್ಚು.

ಇವುಗಳ ಜೊತೆಗೆ ತೆರೆಯ ಹಿಂದಿನ ಒಂದು ಮಾತೂ ನನ್ನ ಮನಸ್ಸಿನಲ್ಲಿರುತ್ತದೆ: ಸೆಟ್ಟಿನಲ್ಲಿ ಆ ಹೆಂಗಸಿನ ಮಾತು ಎಷ್ಟು ನಡೆಯಿತು, ಆಮೇಲೆ ಆಕೆಗೆ ಏನಾಯಿತು? ಇದು ಅಂಕ ಹಾಕುವ ವಿಷಯವಲ್ಲ. ಆದರೆ ಗೊತ್ತಾದ ಮೇಲೆ ನೋಡುವ ರೀತಿ ಬದಲಾಗುತ್ತದೆ.

ಮರುಭೂಮಿಯ ವಾರ್ಲಾ

ರಸ್ ಮೇಯರ್ ಎರಡನೇ ಮಹಾಯುದ್ಧದಲ್ಲಿ ಸೇನೆಯ ಕ್ಯಾಮೆರಾಮನ್ ಆಗಿದ್ದವರು. 1959ರಲ್ಲಿ ಸುಮಾರು 24 ಸಾವಿರ ಡಾಲರಿನಲ್ಲಿ ‘ದಿ ಇಮ್ಮಾರಲ್ ಮಿಸ್ಟರ್ ಟೀಸ್’ ಮಾಡಿ ಅದರ ಎಷ್ಟೋ ಪಟ್ಟು ಗಳಿಸಿದರು. ಈ ಇಡೀ ವ್ಯಾಪಾರ ಲಾಭದ್ದು ಎಂದು ಅಮೆರಿಕಕ್ಕೆ ತಿಳಿದದ್ದು ಆ ಚಿತ್ರದಿಂದ. ಆದರೆ ನೀವು ಅದನ್ನು ನೋಡುವುದು ಬೇಡ. 1965ರ ‘ಫಾಸ್ಟರ್, ಪುಸಿಕ್ಯಾಟ್! ಕಿಲ್! ಕಿಲ್!’ ನೋಡಿ. ಕಪ್ಪು ಬಿಳುಪು, ಒಂದೂವರೆ ಗಂಟೆಗೂ ಕಡಿಮೆ, ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಮೂವರು ಹೆಂಗಸರು, ಮೂರು ವೇಗದ ಕಾರು, ಒಂದು ಕೊಲೆಯಿಂದ ಶುರುವಾಗುವ ಓಟ. ಹೊಸದಾಗಿ ನೋಡುವವರಿಗೆ ಅಚ್ಚರಿಯ ಸಂಗತಿ ಎಂದರೆ ಇದರಲ್ಲಿ ಬೆತ್ತಲೆ ದೃಶ್ಯವೇ ಇಲ್ಲ.

ಗುಂಪಿನ ನಾಯಕಿ ವಾರ್ಲಾ ಆಗಿ ಟುರಾ ಸಟಾನಾ. ಹುಟ್ಟಿದ್ದು ಜಪಾನಿನಲ್ಲಿ, 1938ರಲ್ಲಿ. ಯುದ್ಧಕಾಲದಲ್ಲಿ ಅಮೆರಿಕ ಸರ್ಕಾರ ತನ್ನ ನೆಲದ ಜಪಾನಿ ಮೂಲದವರನ್ನು ಕೂಡಿಹಾಕಿದ್ದ ಮಂಜನಾರ್ ಶಿಬಿರದಲ್ಲಿ ಬಾಲ್ಯದ ಒಂದು ಭಾಗ ಕಳೆದವರು. ಆಮೇಲೆ ನರ್ತಕಿ. ವಾರ್ಲಾಳ ಕಪ್ಪು ಉಡುಪು, ಹುಬ್ಬಿನ ಆ ಚೂಪು, ಕೈಕಾಲಿನ ಹೊಡೆತ ಇವೆಲ್ಲದರಲ್ಲೂ ಆಕೆಯ ಸ್ವಂತ ಪಾಲು ದೊಡ್ಡದು. ಸಾಹಸ ದೃಶ್ಯಗಳನ್ನೂ ತಾವೇ ಮಾಡಿದರು. ಅದು ತೆರೆಯ ಮೇಲೆ ಕಾಣುತ್ತದೆ: ಕ್ಯಾಮೆರಾ ಆಕೆಯನ್ನು ಕೆಳಗಿನಿಂದ ಮೇಲಕ್ಕೆ ನೋಡುವುದು ಆಸೆಯಿಂದ ಮಾತ್ರವಲ್ಲ, ಭಯದಿಂದಲೂ ಹೌದು. ನನ್ನ ಮೊದಲ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಇನ್ನೊಂದಿಲ್ಲ. ಹಿಂಸೆ ಇದೆ, ಆದರೆ ಅದು ಹೆಚ್ಚಾಗಿ ಆಕೆ ಮಾಡುವ ಹಿಂಸೆ. ಮೇಯರ್ ಅವರ ಆಮೇಲಿನ ಚಿತ್ರಗಳಲ್ಲಿ ದೇಹದ ಮೇಲಿನ ಗೀಳು ಹೆಚ್ಚುತ್ತಾ ಹೋಗಿ ನಟಿಯರು ಸಣ್ಣವರಾಗುತ್ತಾರೆ. 1968ರ ‘ವಿಕ್ಸನ್’ನಲ್ಲಿ ಎರಿಕಾ ಗ್ಯಾವಿನ್ ಮಾತ್ರ ಈ ಮಾತಿಗೆ ಹೊರತು.

ಇಲ್ಲೇ ಡೋರಿಸ್ ವಿಶ್‌ಮನ್ ಹೆಸರೂ ಹೇಳಬೇಕು. ಈ ಗಂಡಸರ ಪೇಟೆಯಲ್ಲಿ ಗಂಡ ತೀರಿಕೊಂಡ ಮೇಲೆ ಸಿನಿಮಾಕ್ಕಿಳಿದು, ಎರಡೂವರೆ ಡಜನ್‌ಗೂ ಹೆಚ್ಚು ಚಿತ್ರ ಮಾಡಿದ ಹೆಂಗಸು. ಚಿತ್ರೀಕರಣದ ಹೊತ್ತಿಗೆ ಧ್ವನಿ ಹಿಡಿಯಲು ದುಡ್ಡಿಲ್ಲ. ಹಾಗಾಗಿ ಒಬ್ಬರು ಮಾತಾಡುವಾಗ ಕ್ಯಾಮೆರಾ ಕೇಳಿಸಿಕೊಳ್ಳುವವರ ಮುಖಕ್ಕೋ, ಚಪ್ಪಲಿಗೋ, ಮೇಜಿನ ಮೇಲಿನ ಆ್ಯಶ್‌ಟ್ರೇಗೋ ತಿರುಗುತ್ತದೆ. ಮಾತು ಆಮೇಲೆ ಸೇರಿಸಿದ್ದು, ತುಟಿ ಕಾಣದಿದ್ದರೆ ಸಾಕು. 1965ರ ‘ಬ್ಯಾಡ್ ಗರ್ಲ್ಸ್ ಗೋ ಟು ಹೆಲ್’ ನೋಡುತ್ತಿದ್ದರೆ ಆ ಅನಿವಾರ್ಯ ಉಪಾಯವೇ ವಿಚಿತ್ರ ಕನಸಿನ ಲಯವಾಗುವುದು ಗೊತ್ತಾಗುತ್ತದೆ. ನೀವು ಎಡಿಟಿಂಗ್ ಕಲಿಯುವವರಾಗಿದ್ದರೆ, ಕೈಯಲ್ಲಿ ಕಾಸಿಲ್ಲದೆ ಕಿರುಚಿತ್ರ ಮಾಡುವವರಾಗಿದ್ದರೆ ಟುರಾ ಸಟಾನಾರಿಗಿಂತ ಮೊದಲು ವಿಶ್‌ಮನ್ ನೋಡಿ. ಬರೀ ರಂಜನೆಗೆ ಕೂತವರಿಗೆ ಆಕೆಯ ಚಿತ್ರಗಳು ಒಗ್ಗುವುದಿಲ್ಲ. ಅವುಗಳಲ್ಲೂ ಅತ್ಯಾಚಾರದ ಪ್ರಸಂಗಗಳಿವೆ ಎಂಬುದು ತಿಳಿದಿರಲಿ.

ನರ್ಸ್ ಕೈಗೆ ಬಂದೂಕು

ಪ್ಯಾಮ್ ಗ್ರಿಯರ್ ವಿಷಯಕ್ಕೆ ಬಂದರೆ ನನಗೆ ಮಾತು ಮುಗಿಯುವುದಿಲ್ಲ. ವಾಯುಪಡೆಯ ಮೆಕ್ಯಾನಿಕ್ ಒಬ್ಬರ ಮಗಳು. ಲಾಸ್ ಏಂಜಲೀಸಿನಲ್ಲಿ ಸಿನಿಮಾ ಕಂಪನಿಯೊಂದರ ಟೆಲಿಫೋನ್ ಬೋರ್ಡಿನ ಮುಂದೆ ಕೂತಿದ್ದವರು. ಅಗ್ಗದ ಚಿತ್ರಗಳಿಗೆ ಹೆಸರಾದ ನಿರ್ಮಾಪಕ ರೋಜರ್ ಕಾರ್ಮನ್ ಅವರ ಹೊಸ ಕಂಪನಿಗಾಗಿ ಜ್ಯಾಕ್ ಹಿಲ್ ನಿರ್ದೇಶಿಸಿದ ‘ದಿ ಬಿಗ್ ಡಾಲ್ ಹೌಸ್’ (1971) ಆಕೆಯನ್ನು ಫಿಲಿಪೀನ್ಸಿಗೆ ಕರೆದೊಯ್ಯಿತು. ಅಲ್ಲಿ ಕೂಲಿ ಅಗ್ಗ, ಸೆಟ್ಟು ಅಗ್ಗ, ಕಾಡು ಪುಕ್ಕಟೆ. ಹೆಂಗಸರ ಜೈಲಿನ ಕಥೆಗಳು ಅಲ್ಲಿ ಸಾಲು ಸಾಲಾಗಿ ತಯಾರಾದವು. ಅವುಗಳನ್ನು ಬೇಕಾದರೆ ಬಿಡಿ. ಅವುಗಳ ಮುಖ್ಯ ಸರಕು ಚಾವಟಿ ಮತ್ತು ಕೆಸರು.

ನೋಡಲೇಬೇಕಾದ್ದು 1973ರ ‘ಕಾಫಿ’. ಕಥಾನಾಯಕಿ ನರ್ಸ್, ಆಕೆಯನ್ನು ಕರೆಯುವ ಹೆಸರೇ ಕಾಫಿ. ಪುಟ್ಟ ತಂಗಿಯನ್ನು ಮಾದಕವಸ್ತುವಿಗೆ ದಾಸಿಯಾಗಿಸಿದವರನ್ನು ಒಬ್ಬೊಬ್ಬರಾಗಿ ಹುಡುಕಿ ಹೊಡೆಯುತ್ತಾಳೆ. ಕೆಳಗಿನ ದಲ್ಲಾಳಿಯಿಂದ ಮೇಲಿನ ರಾಜಕಾರಣಿಯವರೆಗೆ ಎಲ್ಲರೂ ಒಂದೇ ಸರಪಳಿ ಎಂದು ಆಕೆಗೆ ಅರ್ಥವಾಗುತ್ತಾ ಹೋಗುತ್ತದೆ. ಬೆತ್ತಲೆ ದೃಶ್ಯಗಳು ಸಾಕಷ್ಟಿವೆ, ವ್ಯಾಪಾರಕ್ಕಾಗಿ ಹಾಕಿದ್ದೆಂದು ಕಣ್ಣಿಗೆ ಹೊಡೆಯುವಂತೆಯೇ ಇವೆ. ಆದರೆ ಗ್ರಿಯರ್ ಮುಖದಲ್ಲಿ ಸಿಟ್ಟಿನ ಜೊತೆಗೆ ದಣಿವೂ ಇದೆ. ಗೆದ್ದ ಮೇಲೂ ಗೆದ್ದಂತೆ ಕಾಣದ ಆ ಮುಖದಿಂದಾಗಿ ಇದು ಅಗ್ಗದ ಸೇಡಿನ ಕಥೆಯಾಗಿ ಉಳಿಯುವುದಿಲ್ಲ. ಕರಿಯ ಹೆಂಗಸೊಬ್ಬಳು ಇಡೀ ಆ್ಯಕ್ಷನ್ ಚಿತ್ರವನ್ನು ಹೆಗಲ ಮೇಲೆ ಹೊತ್ತದ್ದು ಹಾಲಿವುಡ್ಡಿಗೆ ಆಗ ಹೊಸದು. ರಾಯ್ ಏಯರ್ಸ್ ಕೊಟ್ಟ ಸಂಗೀತವನ್ನು ಒಳ್ಳೆಯ ಸ್ಪೀಕರಿನಲ್ಲಿ ಕೇಳಬೇಕು.

ಮುಂದಿನ ವರ್ಷದ ‘ಫಾಕ್ಸಿ ಬ್ರೌನ್’ ಹೆಚ್ಚು ಹೆಸರು ಮಾಡಿತು, ಉಡುಪುಗಳು ಇನ್ನೂ ಚೆಂದ. ಆದರೆ ನಡುವೆ ನಾಯಕಿಯನ್ನು ಸೆರೆಯಲ್ಲಿಟ್ಟು ಹಿಂಸಿಸುವ ಭಾಗ ಇದೆ, ಅದನ್ನು ನುಂಗಿಕೊಳ್ಳುವುದು ಕಷ್ಟ. ಮೊದಲ ಸಲ ನೋಡುವವರಿಗೆ ನಾನು ‘ಕಾಫಿ’ಯನ್ನೇ ಹೇಳುವುದು ಇದಕ್ಕಾಗಿ. ಈ ಕಥೆಗೆ ಅಪರೂಪದ ಉತ್ತರಾರ್ಧವೂ ಇದೆ. 1997ರಲ್ಲಿ ಟರಂಟಿನೊ ಗ್ರಿಯರ್ ಅವರಿಗಾಗಿಯೇ ‘ಜ್ಯಾಕಿ ಬ್ರೌನ್’ ಮಾಡಿದರು. ‘ಕಾಫಿ’ಯನ್ನೂ ಇದನ್ನೂ ಒಂದರ ಹಿಂದೊಂದು ನೋಡಿದರೆ ಅದೇ ನಟಿ ಇಪ್ಪತ್ತನಾಲ್ಕು ವರ್ಷದ ಬದುಕನ್ನು ಮುಖದಲ್ಲಿ ಹೊತ್ತು ತಂದಿರುವುದು ಕಾಣುತ್ತದೆ. ಈ ಪಟ್ಟಿಯ ಬೇರೆ ಯಾವ ನಟಿಗೂ ಇಂಥ ಅವಕಾಶ ಸಿಗಲಿಲ್ಲ.

ಯೂರೋಪು: ಮಂಜು, ಸಂಗೀತ, ತಾಳ್ಮೆ

ಸ್ಪೇನಿನ ಜೆಸ್ ಫ್ರಾಂಕೊ ಒಂದೇ ವರ್ಷದಲ್ಲಿ ಹಲವು ಚಿತ್ರ ಮುಗಿಸುತ್ತಿದ್ದವರು. ಕೊನೆಗೆ 2009ರಲ್ಲಿ ಅವರ ದೇಶವೇ ಗೌರವ ಗೋಯಾ ಪ್ರಶಸ್ತಿ ಕೊಟ್ಟಿತು. ಕಥೆ ಬೇಕೆನ್ನುವವರು ಅವರ ಹತ್ತಿರ ಸುಳಿಯಬೇಡಿ. ಮನಸ್ಸಿನ ಮೇಲೆ ಹೊಗೆಯಂತೆ ಹರಡುವ ಚಿತ್ರ ಬೇಕಿದ್ದರೆ 1971ರ ‘ವ್ಯಾಂಪೈರೋಸ್ ಲೆಸ್ಬೋಸ್’ ಇದೆ. ಅದರ ನಾಯಕಿ ಸೋಲೆದಾದ್ ಮಿರಾಂಡಾ ಆ ಚಿತ್ರ ಬಿಡುಗಡೆಯಾಗುವುದನ್ನು ನೋಡಲಿಲ್ಲ. 1970ರ ಆಗಸ್ಟಿನಲ್ಲಿ ಪೋರ್ಚುಗಲ್‌ನ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಕೇವಲ 27 ವರ್ಷ. ಇಡೀ ಚಿತ್ರದಲ್ಲಿ ಹೆಚ್ಚು ಮಾತಿಲ್ಲ, ಬರೀ ಇರುವಿಕೆ. ಅದರ ಸಂಗೀತ ತೊಂಬತ್ತರ ದಶಕದಲ್ಲಿ ಮತ್ತೆ ಸಿಡಿಯಾಗಿ ಬಂದು ಜನಪ್ರಿಯವಾಯಿತು, ಅದರ ಒಂದು ತುಣುಕು ‘ಜ್ಯಾಕಿ ಬ್ರೌನ್’ನಲ್ಲೂ ಕೇಳಿಸುತ್ತದೆ. ಮಿರಾಂಡಾ ನಂತರ ಫ್ರಾಂಕೊ ಅವರ ಚಿತ್ರಗಳ ಕೇಂದ್ರವಾದ ಲೀನಾ ರೊಮಾಯ್ ಅವರದು ಬೇರೆಯೇ ದಾರಿ. ಯಾವ ಅಳುಕೂ ಇಲ್ಲದ ನಟಿ, ಕೊನೆಯವರೆಗೂ ಆ ನಿರ್ದೇಶಕರ ಬದುಕಿನ ಜೊತೆಗಾತಿ. ಆದರೆ ಅವರ ಚಿತ್ರಗಳನ್ನು ಮೊದಲಿಗೆ ಎತ್ತಿಕೊಳ್ಳಬಾರದು.

ಇಂಡೊನೇಷ್ಯಾದಲ್ಲಿ ಹುಟ್ಟಿ ನೆದರ್ಲೆಂಡ್ಸಿನಲ್ಲಿ ಬೆಳೆದ ಲಾರಾ ಗೆಮ್ಸರ್ 1975ರ ‘ಬ್ಲ್ಯಾಕ್ ಇಮ್ಯಾನ್ಯುಯೆಲ್’ನಿಂದ ಇಟಲಿಯಲ್ಲಿ ತಾರೆಯಾದರು. ದೇಶದಿಂದ ದೇಶಕ್ಕೆ ಓಡಾಡುವ ಛಾಯಾಗ್ರಾಹಕಿ ಪತ್ರಕರ್ತೆಯ ಪಾತ್ರ. ಅವರಲ್ಲೊಂದು ಶಾಂತ ಘನತೆ ಇದೆ, ಎಷ್ಟು ಕೀಳು ಕಥೆಯಲ್ಲಿ ನಿಲ್ಲಿಸಿದರೂ ಅದು ಮಾಸುವುದಿಲ್ಲ. ತೊಂದರೆ ಎಂದರೆ ಕಥೆಗಳು ನಿಜಕ್ಕೂ ಕೀಳಾಗುತ್ತಾ ಹೋಗುತ್ತವೆ. ಜೋ ದಮಾಟೊ ನಿರ್ದೇಶಿಸಿದ ಮುಂದಿನ ಭಾಗಗಳಲ್ಲಿ, ಮುಖ್ಯವಾಗಿ ‘ಇಮ್ಯಾನ್ಯುಯೆಲ್ ಇನ್ ಅಮೆರಿಕ’ದಲ್ಲಿ, ಸಹಿಸಲಾಗದ ದೃಶ್ಯಗಳಿವೆ. ಮೊದಲ ಚಿತ್ರಕ್ಕೆ ನಿಲ್ಲಿಸಿ. ನಟನೆ ಬಿಟ್ಟ ಮೇಲೆ ಗೆಮ್ಸರ್ ವಸ್ತ್ರವಿನ್ಯಾಸದ ಕೆಲಸ ಮಾಡಿದರು.

ಯೂರೋಪಿನ ಬಗ್ಗೆ ನನ್ನ ತೀರ್ಮಾನ ಇಷ್ಟೇ: ಸಂಗೀತ ಮತ್ತು ಛಾಯಾಗ್ರಹಣದ ಮೋಹ ಇರುವವರಿಗೆ ಇದು ಹಬ್ಬ. ಸಾಮಾನ್ಯವಾಗಿ ಸಿನಿಮಾ ನೋಡುವವರಿಗೆ ನಿದ್ದೆ ಬರುತ್ತದೆ.

ಜಪಾನು: ಮಾತಾಡದ ಕೈದಿ

1971ರ ನವೆಂಬರಿನಲ್ಲಿ ಜಪಾನಿನ ಹಳೆಯ ಸ್ಟುಡಿಯೋ ನಿಕ್ಕಾಟ್ಸು, ಟಿವಿ ಹೊಡೆತಕ್ಕೆ ಸೊರಗಿ, ತನ್ನ ಇಡೀ ಕಾರ್ಖಾನೆಯನ್ನು ಕಾಮಚಿತ್ರಗಳ ಕಡೆ ತಿರುಗಿಸಿತು. 1988ರವರೆಗೆ ನಡೆದ ಈ ಸರಣಿಯಲ್ಲಿ ನಿರ್ದೇಶಕರಿಗೆ ಹಾಕಿದ ಕರಾರು ಸರಳ: ಸುಮಾರು 70 ನಿಮಿಷ, ಸಣ್ಣ ಬಜೆಟ್, ಇಷ್ಟಿಷ್ಟು ಹೊತ್ತಿಗೊಂದು ಪ್ರಣಯದೃಶ್ಯ. ಉಳಿದದ್ದು ನಿಮ್ಮಿಷ್ಟ. ನುರಿತ ಕ್ಯಾಮೆರಾಮನ್‌ಗಳು, ಸೆಟ್ ಕಟ್ಟುವವರು ಮೊದಲೇ ಸ್ಟುಡಿಯೋದಲ್ಲಿದ್ದದ್ದರಿಂದ ಇವುಗಳ ಕಸುಬುದಾರಿಕೆ ಬೇರೆ ದೇಶಗಳಿಗಿಂತ ಬಹಳ ಮೇಲು. ತತ್ಸುಮಿ ಕುಮಾಶಿರೊ ಅವರ 1972ರ ಚಿತ್ರವೊಂದರಲ್ಲಿ ನಟಿಸಿದ ಹಿರೊಕೊ ಇಸಾಯಾಮಾ ಅವರಿಗೆ ಜಪಾನಿನ ಹೆಸರುವಾಸಿ ಸಿನಿಮಾ ಪತ್ರಿಕೆ ಕಿನೆಮಾ ಜುಂಪೋ ಆ ವರ್ಷದ ಶ್ರೇಷ್ಠ ನಟಿ ಗೌರವ ಕೊಟ್ಟಿತು. ಆಸ್ಕರ್ ಗೆದ್ದ ಯೋಜಿರೊ ತಕಿತಾ ಕೂಡ ಇಂಥದೇ ಅಗ್ಗದ ಕಾಮಚಿತ್ರಗಳಲ್ಲಿ ಕೆಲಸ ಕಲಿತವರು.

ಆದರೆ ಇಲ್ಲಿನ ದೊಡ್ಡ ಹೆಸರು ಮೇಕೋ ಕಾಜಿ. ನಿಕ್ಕಾಟ್ಸು ಈ ದಾರಿ ಹಿಡಿದಾಗ ಅದನ್ನು ಬಿಟ್ಟು ಹೊರನಡೆದವರು. ಪ್ರತಿಸ್ಪರ್ಧಿ ತೋಎಯ್ ಸ್ಟುಡಿಯೋದಲ್ಲಿ 1972ರಲ್ಲಿ ಶುನ್ಯಾ ಇಟೊ ನಿರ್ದೇಶನದ ‘ಫೀಮೇಲ್ ಪ್ರಿಸನರ್ 701: ಸ್ಕಾರ್ಪಿಯನ್’ ಮಾಡಿದರು. ಮೂಲ ಕಾಮಿಕ್ಸಿನಲ್ಲಿ ಬಾಯಿಗೆ ಬಂದಂತೆ ಬೈಯುವ ಆ ಪಾತ್ರವನ್ನು ಹೆಚ್ಚುಕಡಿಮೆ ಮೂಕಿಯಾಗಿಸಿದ್ದು ಕಾಜಿ ಅವರದೇ ಹಟ. ಆ ಒಂದು ನಿರ್ಧಾರದಿಂದ ಚಿತ್ರದ ಹಣೆಬರಹವೇ ಬದಲಾಯಿತು. ಎಲ್ಲರೂ ಕಿರುಚುವ ಜೈಲಿನಲ್ಲಿ ಸುಮ್ಮನೆ ದಿಟ್ಟಿಸುವ ಒಬ್ಬಳು. ಇದ್ದಕ್ಕಿದ್ದಂತೆ ಬಣ್ಣ ಬದಲಿಸುವ ಆಕಾಶ, ರಂಗಭೂಮಿಯಂತೆ ತಿರುಗುವ ಗೋಡೆಗಳು. ಅವರೇ ಹಾಡಿದ ಆ ಚಿತ್ರದ ಹಾಡು ಟರಂಟಿನೊ ಅವರ ‘ಕಿಲ್ ಬಿಲ್’ ಮೂಲಕ ಜಗತ್ತಿಗೆಲ್ಲ ಕೇಳಿಸಿತು. ಮೊದಲ ಪ್ರಶ್ನೆಗೂ ಎರಡನೆಯದಕ್ಕೂ ಪೂರ್ಣ ಅಂಕ. ಮೂರನೆಯದರಲ್ಲಿ ಇದು ಎಲ್ಲಕ್ಕಿಂತ ಕಠಿಣ: ಲೈಂಗಿಕ ಹಿಂಸೆ ಮೊದಲ ಅರ್ಧ ಗಂಟೆಯಲ್ಲೇ ಇದೆ, ಕ್ರೂರವಾಗಿಯೇ ಇದೆ. ಅದು ಆಗುವುದಿಲ್ಲ ಎನ್ನುವವರು 1973ರ ‘ಲೇಡಿ ಸ್ನೋಬ್ಲಡ್’ ನೋಡಬಹುದು. ಅಲ್ಲೂ ಅತ್ಯಾಚಾರದ ಪ್ರಸಂಗ ಕಥೆಯ ಬೇರಿನಲ್ಲಿದೆ, ಆದರೆ ಚಿತ್ರ ಅದರ ಮೇಲೆ ಕಣ್ಣು ನೆಟ್ಟು ಕೂರುವುದಿಲ್ಲ. ಕಾಜಿ ಅವರ ಆ ನೋಟ ಅಷ್ಟೇ ಚೂಪಾಗಿ ಅಲ್ಲೂ ಇದೆ.

ನಮ್ಮ ಮಗ್ಗುಲಲ್ಲೇ ಇದ್ದದ್ದು

ಮೆಜೆಸ್ಟಿಕ್ ಸುತ್ತಮುತ್ತಲ ಕೆಲವು ಟಾಕೀಸುಗಳಲ್ಲಿ, ಊರಂಚಿನ ಟೆಂಟುಗಳಲ್ಲಿ, ಬೆಳಗಿನ ಆಟಕ್ಕೆ ಮಲಯಾಳಂ ‘ಎ’ ಚಿತ್ರ ಹಾಕುತ್ತಿದ್ದ ಕಾಲ ಬೆಂಗಳೂರಿನ ಹಿರಿಯರಿಗೆ ನೆನಪಿದೆ. ಗೋಡೆಯ ಪೋಸ್ಟರಿನ ಅರ್ಧಕ್ಕೆ ಕಪ್ಪು ಪಟ್ಟಿ, ಗಾಂಧಿ ಕ್ಲಾಸಿನಲ್ಲಿ ಕಾಲೇಜಿಗೆ ಚಕ್ಕರ್ ಹೊಡೆದ ಪಡ್ಡೆ ಹುಡುಗರು, ‘ಬಿಟ್ ಹಾಕ್ತಾರಂತೆ’ ಎಂಬ ಪಿಸುಮಾತು. ಸೆನ್ಸಾರ್ ಆದ ಚಿತ್ರಕ್ಕೆ ಸಂಬಂಧವೇ ಇಲ್ಲದ ರೀಲಿನ ತುಂಡನ್ನು ಪ್ರೊಜೆಕ್ಟರ್ ಕೋಣೆಯಲ್ಲಿ ನಡುವೆ ಸೇರಿಸುವುದಕ್ಕೆ ಇಲ್ಲಿ ಬಿಟ್, ಕೇರಳದಲ್ಲಿ ತುಂಡು ಎಂದು ಹೆಸರು. ಹೆಂಗಸರು ಆ ಬಾಗಿಲ ಹತ್ತಿರವೂ ಹೋಗುವಂತಿರಲಿಲ್ಲ. ಈಗ ಆ ಚಿತ್ರಗಳ ಬಗ್ಗೆ ನನ್ನನ್ನು ಹೆಚ್ಚು ಕೇಳುವವರು ಹೆಂಗಸರೇ. ತಮ್ಮಿಂದ ಬಚ್ಚಿಟ್ಟದ್ದರಲ್ಲಿ ಏನಿತ್ತು ಎಂದು ತಿಳಿಯುವ ಹಕ್ಕು ಅವರದು.

ಕಥೆ 1978ರ ‘ಅವಳುಡೆ ರಾವುಗಳ್’ನಿಂದ ಶುರುವಾಗುತ್ತದೆ. ಐ.ವಿ. ಶಶಿ ನಿರ್ದೇಶನ, ಲೈಂಗಿಕ ಕಾರ್ಯಕರ್ತೆಯಾಗಿ ಸೀಮಾ. ‘ಎ’ ಪ್ರಮಾಣಪತ್ರ, ಭಾರಿ ಗಲ್ಲಾಪೆಟ್ಟಿಗೆ. ಪೋಸ್ಟರ್ ನೋಡಿ ಹೋದವರಿಗೆ ಸಿಕ್ಕಿದ್ದು ತುಂಬ ಮೃದುವಾದ, ಒಂಟಿತನದ ಕಥೆ. ಸೀಮಾ ಅಭಿನಯ ಇವತ್ತಿಗೂ ಹಳತಾಗಿಲ್ಲ. ನಮ್ಮ ಭಾಗದ ಚಿತ್ರಗಳಲ್ಲಿ ಒಂದೇ ಒಂದನ್ನು ಆರಿಸಬೇಕೆಂದರೆ ನಾನು ಇದನ್ನೇ ಆರಿಸುತ್ತೇನೆ. ಇದರ ಗೆಲುವನ್ನು ಕಂಡ ನಿರ್ಮಾಪಕರು ಮೃದುತ್ವ ಬಿಟ್ಟು ಪೋಸ್ಟರನ್ನು ಮಾತ್ರ ಅನುಕರಿಸಿದರು.

ಸಿಲ್ಕ್ ಸ್ಮಿತಾ ಅವರನ್ನು ಯಾವ ಪೆಟ್ಟಿಗೆಯಲ್ಲಿ ಇಡುವುದು ಎಂಬುದೇ ಕಷ್ಟ. ಆಂಧ್ರದ ಏಲೂರಿನ ಕಡೆಯ ಬಡ ಮನೆ, ಶಾಲೆ ಅರ್ಧಕ್ಕೇ ನಿಂತಿತು, ಮದರಾಸಿನಲ್ಲಿ ನಟಿಯರ ಮೇಕಪ್ ಸರಿಪಡಿಸುವ ಟಚಪ್ ಕೆಲಸ. 1980ರ ತಮಿಳು ‘ವಂಡಿಚಕ್ಕರಂ’ನ ಸಿಲ್ಕ್ ಎಂಬ ಪಾತ್ರದ ಹೆಸರೇ ಅವರಿಗೆ ಅಂಟಿತು. ಆಮೇಲೆ ದಕ್ಷಿಣದ ನಾಲ್ಕೂ ಭಾಷೆಗಳಲ್ಲಿ, ಹಿಂದಿಯಲ್ಲಿ, ನೂರಾರು ಚಿತ್ರ. ಅವರ ಒಂದು ಹಾಡು ಸೇರಿಸದೆ ಹಂಚಿಕೆದಾರರು ಚಿತ್ರ ಕೊಳ್ಳುತ್ತಿರಲಿಲ್ಲ ಎನ್ನುವಷ್ಟು ಬೇಡಿಕೆ. ಕನ್ನಡದ ಪ್ರೇಕ್ಷಕರಿಗೆ ರವಿಚಂದ್ರನ್ ಅವರ ‘ಹಳ್ಳಿ ಮೇಷ್ಟ್ರು’ (1992) ನೆನಪಿರುತ್ತದೆ. ಆದರೆ ನಟಿಯನ್ನು ಕಾಣಬೇಕಿದ್ದರೆ ಭಾರತಿರಾಜ ಅವರ ‘ಅಲೈಗಳ್ ಓಯ್ವದಿಲ್ಲೈ’ (1981), ಬಾಲು ಮಹೇಂದ್ರ ಅವರ ‘ಮೂನ್ರಾಂ ಪಿರೈ’ (1982) ನೋಡಿ. ಎರಡನೆಯದರಲ್ಲಿ ವಯಸ್ಸಾದ ಗಂಡನ ಜೊತೆ ಬಾಳುವ ಹೆಂಗಸಿನ ಆಸೆಯನ್ನು ಅಣಕವಾಗಲು ಬಿಡದೆ ನಟಿಸಿದ್ದಾರೆ. ಅವರ ಕಣ್ಣಿನಲ್ಲಿ ಇದ್ದದ್ದನ್ನು ಬಳಸಿಕೊಳ್ಳಲು ಚಿತ್ರರಂಗಕ್ಕೆ ಬುದ್ಧಿ ಇರಲಿಲ್ಲ ಎಂದು ನನಗೆ ಪ್ರತಿ ಸಲವೂ ಅನ್ನಿಸಿ ಸಂಕಟವಾಗುತ್ತದೆ. 1996ರ ಸೆಪ್ಟೆಂಬರ್ 23ರಂದು ಚೆನ್ನೈನಲ್ಲಿ ತೀರಿಕೊಂಡಾಗ ಅವರಿಗೆ 35 ವರ್ಷ. ಅವರ ಬದುಕಿನಿಂದ ಪ್ರೇರಣೆ ಪಡೆದ ‘ದಿ ಡರ್ಟಿ ಪಿಕ್ಚರ್’ (2011) ವಿದ್ಯಾ ಬಾಲನ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ಬದುಕಿದ್ದಾಗ ಸ್ಮಿತಾ ಅವರಿಗೆ ಅಂಥ ಗೌರವ ಕನಸಿನ ಮಾತಾಗಿತ್ತು.

ಶಕೀಲಾ ಅವರ ಮೊದಲ ಚಿತ್ರದಲ್ಲಿ ಜೊತೆಗಿದ್ದವರು ಇದೇ ಸ್ಮಿತಾ. ಕೆಲವೇ ಲಕ್ಷದಲ್ಲಿ ಮುಗಿದು ಕೋಟಿಗಳಲ್ಲಿ ಗಳಿಸಿದ 2000ದ ‘ಕಿನ್ನಾರತುಂಬಿಗಳ್’ ಅವರನ್ನು ಮಲಯಾಳಂನ ದೊಡ್ಡ ನಾಯಕರಿಗೇ ಪೈಪೋಟಿಯಾಗಿಸಿತು. ಆ ದಿನಗಳಲ್ಲಿ ಎಷ್ಟೋ ಟಾಕೀಸುಗಳ ಬಾಗಿಲು ತೆರೆದೇ ಇದ್ದದ್ದು ಅವರ ಚಿತ್ರಗಳಿಂದ. ಸ್ಪಷ್ಟವಾಗಿಯೇ ಹೇಳುತ್ತೇನೆ, ಆ ಚಿತ್ರಗಳು ಸಿನಿಮಾವಾಗಿ ದುರ್ಬಲ. ನನ್ನ ಎರಡನೇ ಪ್ರಶ್ನೆಯಲ್ಲಿ ಪೂರ್ತಿ ಸೋಲುತ್ತವೆ. ಆದರೆ ಅವರ ಮಾತು ಕೇಳುವಂಥದ್ದು. ಎಷ್ಟೋ ದೃಶ್ಯಗಳಲ್ಲಿ ಇದ್ದದ್ದು ತಾವಲ್ಲ, ಡ್ಯೂಪ್ ಎಂದೂ ದುಡಿದ ದುಡ್ಡು ತಮ್ಮ ಕೈಗೆ ಉಳಿಯಲಿಲ್ಲವೆಂದೂ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ನಮ್ಮವರೇ ಆದ ಇಂದ್ರಜಿತ್ ಲಂಕೇಶ್ 2020ರಲ್ಲಿ ಅವರ ಬದುಕನ್ನು ಹಿಂದಿಯಲ್ಲಿ ಚಿತ್ರವಾಗಿಸಿದರು, ರಿಚಾ ಚಡ್ಡಾ ನಾಯಕಿ. ಶಕೀಲಾ ಅವರನ್ನು ತಿಳಿಯಲು ಅವರ ಹಳೇ ಚಿತ್ರಗಳಿಗಿಂತ ಅವರ ದೀರ್ಘ ಸಂದರ್ಶನಗಳು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಿಂದಿಯ ಕಡೆಗೂ ಕುತೂಹಲ ಇದ್ದವರು ಚಿತ್ರಗಳಿಗೆ ಹೋಗುವ ಮೊದಲು ಅಮೆಜಾನ್ ಪ್ರೈಮ್‌ನಲ್ಲಿ 2023ರಲ್ಲಿ ಬಂದ ‘ಸಿನೆಮಾ ಮರ್ತೆ ದಮ್ ತಕ್’ ಸಾಕ್ಷ್ಯಸರಣಿ ನೋಡಿ. ತೊಂಬತ್ತರ ದಶಕದಲ್ಲಿ ಇಂಥ ಚಿತ್ರ ಮಾಡಿದ ನಿರ್ದೇಶಕರೇ ಮತ್ತೆ ಕ್ಯಾಮೆರಾ ಹಿಡಿಯುತ್ತಾರೆ.

ಜೇಬು ನೋಡಿಕೊಂಡು

ಖರ್ಚೇ ಬೇಡ ಎನ್ನುವವರಿಗೆ ದಕ್ಷಿಣ ಭಾರತದ ಕಡೆಯೇ ಸೂಕ್ತ. ಸ್ಮಿತಾ ಅವರ ಹಾಡುಗಳು, ಶಕೀಲಾ ಅವರ ಸಂದರ್ಶನಗಳು ಯೂಟ್ಯೂಬಿನಲ್ಲಿ ಪುಕ್ಕಟೆ. ಪ್ರತಿಗಳ ಗುಣಮಟ್ಟ ಕಳಪೆ, ಎಲ್ಲೆಂದರಲ್ಲಿ ಕತ್ತರಿ ಬಿದ್ದಿರುತ್ತದೆ. ಭಾಷೆ ಮಾತ್ರ ಅಷ್ಟು ದೂರವಲ್ಲ.

ತಿಂಗಳ ಚಂದಾ ಕಟ್ಟಬಲ್ಲವರಿಗೆ ಮುಬಿಯಂಥ ವೇದಿಕೆಗಳಲ್ಲಿ ಜಪಾನಿನದೋ ಯೂರೋಪಿನದೋ ಒಂದೊಂದು ಚಿತ್ರ ಬಂದು ಹೋಗುತ್ತಿರುತ್ತದೆ. ಇವತ್ತು ಇದ್ದದ್ದು ಮುಂದಿನ ತಿಂಗಳು ಇರಬೇಕೆಂದಿಲ್ಲ, ಕಂಡ ಕೂಡಲೇ ನೋಡಿಬಿಡಬೇಕು. ಇಂಥದೇ ಇನ್ನೊಂದು ವೇದಿಕೆ ಕ್ರೈಟೀರಿಯನ್ ಚಾನೆಲ್ ಅಮೆರಿಕ ಮತ್ತು ಕೆನಡಾಕ್ಕೆ ಮಾತ್ರ.

ಒಳ್ಳೆಯ ಪ್ರತಿಯೇ ಬೇಕು ಎನ್ನುವವರಿಗೆ ಉಳಿಯುವುದು ಡಿಸ್ಕು. ಸೆವರಿನ್, ವಿನೆಗರ್ ಸಿಂಡ್ರೋಮ್, ಬ್ರಿಟನ್ನಿನ ಆ್ಯರೋ ಈ ಕಂಪನಿಗಳು ಮೂಲ ನೆಗೆಟಿವ್ ಹುಡುಕಿ ಶುಚಿಮಾಡಿ ಹೊರತರುತ್ತವೆ. ದಶಕಗಳ ಕಾಲ ಮಂಕು ಡಿವಿಡಿಗಳಲ್ಲೇ ಉಳಿದಿದ್ದ ರಸ್ ಮೇಯರ್ ಅವರ ಕೆಲವು ಚಿತ್ರಗಳು 2025ರಲ್ಲಿ ಸೆವರಿನ್‌ನಿಂದ ಹೊಸದಾಗಿ ಬಂದವು. ಕೊಳ್ಳುವ ಮೊದಲು ರೀಜನ್, ಅಂದರೆ ಡಿಸ್ಕು ಯಾವ ದೇಶಗಳ ಪ್ಲೇಯರಿಗೆ ಎಂಬ ಗುರುತು, ನೋಡಿ. ಬ್ಲೂರೇಯಲ್ಲಿ ಅಮೆರಿಕ ಎ, ಬ್ರಿಟನ್ ಬಿ, ಭಾರತ ಸಿ. ಎ ಅಥವಾ ಬಿ ಎಂದು ಬೀಗ ಹಾಕಿದ ಡಿಸ್ಕ್ ಇಲ್ಲಿನ ಸಾಮಾನ್ಯ ಪ್ಲೇಯರಿನಲ್ಲಿ ಓಡುವುದಿಲ್ಲ. 4ಕೆ ಡಿಸ್ಕುಗಳಿಗೆ ರೀಜನ್ ಕಟ್ಟುಪಾಡಿಲ್ಲ. ಅಂಚೆ ಖರ್ಚು, ಸುಂಕ ಸೇರಿದರೆ ಡಿಸ್ಕಿನ ಬೆಲೆ ಎಲ್ಲಿಗೋ ಹೋಗುತ್ತದೆ. ಜೊತೆಗೆ ಅಶ್ಲೀಲ ವಸ್ತುಗಳ ಆಮದಿಗೆ ನಮ್ಮಲ್ಲಿ ನಿಷೇಧವಿದೆ, ಯಾವುದು ಅಶ್ಲೀಲ ಎಂದು ತೀರ್ಮಾನಿಸುವುದು ಪೊಟ್ಟಣ ತೆರೆದ ಅಧಿಕಾರಿ. ತಡೆಹಿಡಿದರೆ ದುಡ್ಡು ಹೋದಂತೆಯೇ. ಆದ್ದರಿಂದ ಹೊರಕವಚ ಅಬ್ಬರಿಸುವ ಪೆಟ್ಟಿಗೆಗಳನ್ನು ತರಿಸಬೇಡಿ. ಮೊದಲ ಡಿಸ್ಕಿಗೆ ‘ಕಾಫಿ’ಯಂಥದ್ದು ಕ್ಷೇಮ.

ಹಾಗಾದರೆ ಯಾವುದು

ಈ ಪ್ರಪಂಚಕ್ಕೆ ಹೊಸಬರು, ಒಂದೇ ಸಂಜೆ ಇದೆ ಎಂದರೆ ‘ಫಾಸ್ಟರ್, ಪುಸಿಕ್ಯಾಟ್’. ಬೆತ್ತಲೆ ದೃಶ್ಯಕ್ಕೆ ಮುಜುಗರ ಪಡುವವರಿಗೂ ಅದೇ ಸರಿ. ನಟನೆ ಮುಖ್ಯ, ಹೊಟ್ಟೆಯಲ್ಲಿ ಸಿಟ್ಟಿರುವ ಕಥೆ ಬೇಕು ಎನ್ನುವವರಿಗೆ ‘ಕಾಫಿ’. ಚಿತ್ರಕಲೆ, ವಿನ್ಯಾಸ, ಕಾಮಿಕ್ಸ್ ಕಡೆಯವರಿಗೆ ಮೇಕೋ ಕಾಜಿ, ಆದರೆ ಹಿಂಸೆಯ ಎಚ್ಚರಿಕೆಯೊಂದಿಗೆ. ರಾತ್ರಿ ತಡವಾಗಿ ಒಬ್ಬರೇ ಕೂತು ಹೆಡ್‌ಫೋನ್ ಹಾಕಿಕೊಳ್ಳುವವರಿಗೆ ಸೋಲೆದಾದ್ ಮಿರಾಂಡಾ. ನಮ್ಮ ಊರಿನ, ನಮ್ಮ ಭಾಷೆಗಳ ನೆನಪಿನೊಳಗೆ ಇಳಿಯಬೇಕೆನ್ನುವವರಿಗೆ ಸೀಮಾ, ಆಮೇಲೆ ‘ಮೂನ್ರಾಂ ಪಿರೈ’ಯ ಸ್ಮಿತಾ. ಎರಡರ ನಡುವೆ ತೂಗುತ್ತಿದ್ದರೆ, ಪ್ಯಾಮ್ ಗ್ರಿಯರ್ ಕಡೆ ವಾಲಿ. ಬೇರೆಯವರ ಚಿತ್ರಗಳನ್ನು ನಾನು ಒಪ್ಪುವುದಕ್ಕೂ ಬಿಡುವುದಕ್ಕೂ ಕಾರಣ ಹುಡುಕಬೇಕಾಗುತ್ತದೆ, ಆಕೆಯದಕ್ಕೆ ಬೇಕಾಗಿಲ್ಲ.

ಗುಂಪಿನಲ್ಲಿ ನೋಡುವುದಾದರೆ ಮನೆಯಲ್ಲೇ ನೋಡಿ. ಸೆನ್ಸಾರ್ ಪ್ರಮಾಣಪತ್ರ ಇಲ್ಲದ ಚಿತ್ರವನ್ನು ಸಾರ್ವಜನಿಕವಾಗಿ ತೋರಿಸುವುದು 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ತಪ್ಪು, ಕಾಫಿ ಅಂಗಡಿಯ ಮಹಡಿಯಲ್ಲಿ ಪರದೆ ಕಟ್ಟಿದರೂ ಅದು ಸಾರ್ವಜನಿಕವೇ. ಬರುವವರಲ್ಲಿ ಗಂಡಸರಷ್ಟೇ ಹೆಂಗಸರೂ ಇರಲಿ. ಬರೀ ಗಂಡಸರು ಕೂತಾಗ ಆ ಹಳೇ ಬೆಳಗಿನ ಆಟದ ಗಲಾಟೆಯೇ ಮರುಕಳಿಸುತ್ತದೆ, ನಟಿಯ ಮುಖ ನೋಡುವವರು ಯಾರೂ ಇರುವುದಿಲ್ಲ. ಚಿತ್ರ ಆರಿಸಿದವರು ಅದನ್ನು ಮೊದಲೇ ಒಮ್ಮೆ ಪೂರ್ತಿ ನೋಡಿ, ಕಷ್ಟದ ದೃಶ್ಯ ಯಾವ ಹೊತ್ತಿಗೆ ಬರುತ್ತದೆ ಎಂದು ಗುರುತು ಹಾಕಿಕೊಂಡು, ಆಟ ಶುರುವಾಗುವ ಮುನ್ನವೇ ಎಲ್ಲರಿಗೂ ಹೇಳಲಿ. ಆ ಹೊತ್ತಿಗೆ ಅಡುಗೆಮನೆಗೆ ಹೋಗಿ ಚಹಾ ಇಡುವವರು ಇಡಬಹುದು.